ಹಸಿರು ಜೆರ್ಸಿಯ ಹಂಬಲ



ಒಬ್ಬ ಆಟಗಾರನಿದ್ದಾನೆ. ತನ್ನ ಆಟದಲ್ಲಿ ನಾಡಿಗೇ ಮೊದಲಿಗ. ಅವನು ಫೈನಲ್ ಆಡುವ ದಿನ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರಕ್ಕೂ ಮಿಕ್ಕ ಜನ ಸೇರುತ್ತಾರೆ. ಊರಿನ ಮಕ್ಕಳು ಅವನ ಹೆಸರು ಹೇಳಿಕೊಂಡು ಚೆಂಡು ಒದೆಯುತ್ತಾರೆ. ಆದರೆ ದೇಶದ ಜೆರ್ಸಿ ತೊಟ್ಟು ಆಡುವ ಭಾಗ್ಯ ಮಾತ್ರ ಅವನಿಗಿಲ್ಲ. ಏಕೆಂದರೆ ಆ ಆಟವನ್ನು ಬೆಳೆಸಿದ್ದು ಅವನ ದೇಶವೊಂದೇ. ಎದುರು ನಿಲ್ಲಲು ಇನ್ನೊಂದು ದೇಶವೇ ಇಲ್ಲ.

ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಆಟಗಾರರ ಪಾಡು ಬಹುಕಾಲ ಹೀಗೇ ಇತ್ತು. ಆ ಕೊರಗು ನೀಗಲೆಂದು ಎರಡು ದೇಶಗಳು ಕೂಡಿ ಹೊಸದೊಂದು ಆಟವನ್ನೇ ಕಟ್ಟಿಕೊಂಡವು. ಅದರ ಹೆಸರು ಇಂಟರ್‌ನ್ಯಾಷನಲ್ ರೂಲ್ಸ್ ಫುಟ್‌ಬಾಲ್. ಅರ್ಧ ಐರ್ಲೆಂಡಿನದು, ಅರ್ಧ ಆಸ್ಟ್ರೇಲಿಯಾದ್ದು. ಆ ಆಟವನ್ನೂ ಅದನ್ನು ಆಡುವ ಐರ್ಲೆಂಡ್ ತಂಡವನ್ನೂ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಗೇಲಿಕ್ ಫುಟ್‌ಬಾಲ್ ಎಂದರೇನು ನೋಡೋಣ. ನಾವು ಬಲ್ಲ ಫುಟ್‌ಬಾಲಿನಲ್ಲಿ ಗೋಲಿಯನ್ನು ಬಿಟ್ಟರೆ ಮಿಕ್ಕವರು ಚೆಂಡಿಗೆ ಕೈ ಹಚ್ಚುವಂತಿಲ್ಲ. ಗೇಲಿಕ್ ಆಟದಲ್ಲಿ ಹಚ್ಚಬಹುದು. ದುಂಡನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿನಿಂದ ಮೇಲಕ್ಕೆ ತಟ್ಟಿ ಮತ್ತೆ ಕೈಗೆ ತಂದುಕೊಳ್ಳಬೇಕು. ಒಂದು ತಂಡದಲ್ಲಿ ಹದಿನೈದು ಮಂದಿ. ಗೋಲಿನ ಕಂಬಗಳ ನಡುವೆ ಅಡ್ಡಪಟ್ಟಿ ಇರುತ್ತದೆ. ಕಂಬಗಳು ಅಲ್ಲಿಗೇ ನಿಲ್ಲದೆ ಮೇಲಕ್ಕೆ ಬೆಳೆದಿರುತ್ತವೆ. ಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಪಟ್ಟಿಯ ಮೇಲೆ ಹಾದರೆ ಪಾಯಿಂಟು.

ಈ ಆಟದ ಹಿಂದೆ ಐರ್ಲೆಂಡಿನ ಚರಿತ್ರೆಯೇ ಇದೆ. 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಮೈಕಲ್ ಕ್ಯೂಸಾಕ್ ಎಂಬ ಮೇಷ್ಟ್ರು ಮತ್ತು ಕೆಲವು ಗೆಳೆಯರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆ ಕಟ್ಟಿದರು. ಅದೇ ಇಂದಿನ ಜಿಎಎ. ಆಗ ಐರ್ಲೆಂಡಿನಲ್ಲಿ ಇಂಗ್ಲಿಷರ ಆಳ್ವಿಕೆ. ಮೈದಾನಗಳಲ್ಲಿ ಇಂಗ್ಲಿಷರ ಆಟಗಳದ್ದೇ ಮೆರೆದಾಟ. ನಮ್ಮ ಆಟಗಳು ನಮ್ಮ ಕಣ್ಣೆದುರೇ ಸಾಯಬಾರದು ಎಂಬ ಸಂಕಲ್ಪದಿಂದ ಹುಟ್ಟಿದ ಸಂಸ್ಥೆ ಅದು. 1920ರ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಪಂದ್ಯ ನಡೆಯುತ್ತಿದ್ದಾಗ ಸರ್ಕಾರಿ ಪಡೆಗಳು ಗುಂಡು ಹಾರಿಸಿದವು. ಹದಿನಾಲ್ಕು ಜನ ಪ್ರಾಣ ಬಿಟ್ಟರು. ಸತ್ತವರಲ್ಲಿ ಮೈಕಲ್ ಹೋಗನ್ ಎಂಬ ಆಟಗಾರನೂ ಇದ್ದ. ಕ್ರೋಕ್ ಪಾರ್ಕಿನ ಒಂದು ಪ್ರೇಕ್ಷಕರ ಸ್ಟ್ಯಾಂಡಿಗೆ ಇಂದಿಗೂ ಅವನದೇ ಹೆಸರು. ಅಂಥ ನೆಲದ ಮೇಲೆ ಆಡುವ ಆಟ ಎಂದಮೇಲೆ, ಅದರ ಮೇಲೆ ಐರಿಷ್ ಜನ ಇಟ್ಟಿರುವ ಪ್ರೀತಿ ಎಷ್ಟು ಆಳದ್ದೆಂದು ಊಹಿಸಬಹುದು.

ಜಿಎಎ ಗಡಿಗೆ ಸೊಪ್ಪು ಹಾಕದ ಸಂಸ್ಥೆ. 1921ರಲ್ಲಿ ದ್ವೀಪ ಎರಡಾಗಿ ಒಡೆಯಿತು. ಉತ್ತರದ ಆರು ಕೌಂಟಿಗಳು, ಅಂದರೆ ಜಿಲ್ಲೆಗಳು, ಬ್ರಿಟನ್ನಿನ ಕೈಯಲ್ಲೇ ಉಳಿದವು. ಸಾಕರ್ ಆಟದಲ್ಲೂ ಎರಡು ಐರ್ಲೆಂಡ್ ತಂಡಗಳಾದವು. ಗೇಲಿಕ್ ಆಟದಲ್ಲಿ ಮಾತ್ರ ಮೂವತ್ತೆರಡು ಕೌಂಟಿಗಳೂ ಒಂದೇ ಪಂಕ್ತಿಯಲ್ಲಿ ಉಳಿದುಕೊಂಡವು. ಆಟಗಾರ ಆಡುವುದು ತನ್ನ ಕೌಂಟಿಗೆ. ಕೆರಿಯವನು ಕೆರಿಗೆ, ಟಿರೋನಿನವನು ಟಿರೋನಿಗೆ. ಹರಾಜಿಲ್ಲ, ಸಂಬಳವಿಲ್ಲ. ವಾರವೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಹೊಲದಲ್ಲಿ ದುಡಿದು, ಬ್ಯಾಂಕಿನಲ್ಲಿ ಲೆಕ್ಕ ಬರೆದು, ಸಂಜೆ ಅಭ್ಯಾಸಕ್ಕೆ ಬರುವವರೇ ಭಾನುವಾರ ಕ್ರೋಕ್ ಪಾರ್ಕಿನಲ್ಲಿ ಇಳಿಯುತ್ತಾರೆ.

ಹೊಟ್ಟೆಪಾಡಿಗಾಗಿ ಕಡಲು ದಾಟಿದ ಐರಿಷರು ಈ ಆಟವನ್ನೂ ಜೊತೆಗೆ ಒಯ್ದರು. 1947ರಲ್ಲಿ ಕೌಂಟಿಗಳ ನಡುವಿನ ದೊಡ್ಡ ಪಂದ್ಯಾವಳಿಯಾದ ಆಲ್-ಐರ್ಲೆಂಡಿನ ಫೈನಲನ್ನು ನ್ಯೂಯಾರ್ಕಿನಲ್ಲೇ ಆಡಿಸಿದರು. ಕ್ಯಾವನ್ ಕೌಂಟಿ ಕೆರಿಯನ್ನು ಸೋಲಿಸಿತು. ಆ ದಿನ ಮೀಹಾಲ್ ಓ ಹೆಹಿರ್ ಎಂಬ ವೀಕ್ಷಕ ವಿವರಣೆಗಾರರು ಅಟ್ಲಾಂಟಿಕ್ಕಿನ ಆಚೆಯಿಂದ ರೇಡಿಯೋದಲ್ಲಿ ಪಂದ್ಯವನ್ನು ಬಣ್ಣಿಸುತ್ತಿದ್ದರು. ಕಾಯ್ದಿರಿಸಿದ ಟೆಲಿಫೋನ್ ಲೈನಿನ ಅವಧಿ ಮುಗಿಯುತ್ತಾ ಬಂತು, ಆಟ ಮುಗಿದಿರಲಿಲ್ಲ. ದಯವಿಟ್ಟು ಇನ್ನೈದು ನಿಮಿಷ ಲೈನ್ ಕಡಿಯಬೇಡಿ ಎಂದು ಅವರು ಪ್ರಸಾರದ ನಡುವೆಯೇ ಅಂಗಲಾಚಿದರು. ಲೈನ್ ಉಳಿಯಿತು. ಊರಿನಲ್ಲಿ ರೇಡಿಯೋ ಸುತ್ತ ಕುಳಿತವರಿಗೆ ಪಂದ್ಯದ ಕೊನೆ ಕೇಳಿಸಿತು. ಬಾನುಲಿಯಲ್ಲಿ ಕುಳಿತು ಮಾತಾಡುವ ನನ್ನಂಥವರಿಗೆ ಈ ಸಂಗತಿ ತೀರ ಹತ್ತಿರದ್ದು.

ಆದರೆ ನ್ಯೂಯಾರ್ಕಾಗಲಿ ಲಂಡನ್ನಾಗಲಿ, ಮೈದಾನಕ್ಕೆ ಇಳಿದವರು ಬಹುಮಟ್ಟಿಗೆ ಐರಿಷರೇ. ಆಟ ದೇಶ ದಾಟಿತು. ಎದುರಾಳಿ ದೇಶ ಮಾತ್ರ ಸಿಗಲಿಲ್ಲ.

ಎದುರಾಳಿ ಬಂದದ್ದು ಭೂಮಿಯ ಇನ್ನೊಂದು ತುದಿಯಿಂದ. ಆಸ್ಟ್ರೇಲಿಯಾದಲ್ಲೂ ಅಲ್ಲಿನವರೇ ಕಟ್ಟಿಕೊಂಡ ಒಂದು ಫುಟ್‌ಬಾಲ್ ಇದೆ. ಅದರ ನಿಯಮಗಳನ್ನು 1859ರಲ್ಲಿ ಮೆಲ್ಬರ್ನಿನಲ್ಲಿ ಬರೆದರು. ಮೈದಾನ ಮೊಟ್ಟೆಯಾಕಾರದ್ದು, ಚೆಂಡೂ ಮೊಟ್ಟೆಯಾಕಾರದ್ದು. ಒಂದು ಕಡೆ ಹದಿನೆಂಟು ಮಂದಿ. ಗೋಲಿನಲ್ಲಿ ನಾಲ್ಕು ಕಂಬ. ಅಡ್ಡಪಟ್ಟಿಯೂ ಇಲ್ಲ, ಬಲೆಯೂ ಇಲ್ಲ, ಗೋಲಿಯೂ ಇಲ್ಲ. ಐರಿಷ್ ವಲಸಿಗರು ಒಯ್ದ ಆಟವೇ ಅಲ್ಲಿ ಹೀಗಾಯಿತು ಎಂದು ಹೇಳುವವರುಂಟು. ಆದರೆ ಗೇಲಿಕ್ ಫುಟ್‌ಬಾಲಿನ ನಿಯಮಗಳು ಬರಹಕ್ಕೆ ಬಂದದ್ದು 1885ರಲ್ಲಿ. ಆಸ್ಟ್ರೇಲಿಯಾದ ಬರಹ ಅದಕ್ಕಿಂತ ಕಾಲು ಶತಮಾನ ಹಳೆಯದು. ಹೇಗೇ ಇರಲಿ, ಎರಡರಲ್ಲೂ ಕೈಯಲ್ಲಿ ಹಿಡಿಯುವುದು, ಪುಟಿಸುತ್ತಾ ಓಡುವುದು, ಎತ್ತರಕ್ಕೆ ನೆಗೆದು ಚೆಂಡು ಕಸಿಯುವುದು, ದೂರಕ್ಕೆ ಒದೆಯುವುದು ಇದೆ.

ಈ ಹೋಲಿಕೆಯನ್ನು ಕಂಡು ಕೈ ಕಟ್ಟಿ ಕೂರದವರು ಹ್ಯಾರಿ ಬೈಟ್ಸೆಲ್. ಒಂದು ಕಾಲದ ಅಂಪೈರ್, ಆಮೇಲೆ ರೇಡಿಯೋ ವೀಕ್ಷಕ ವಿವರಣೆಗಾರ. 1967ರಲ್ಲಿ ಅವರು ಆಸ್ಟ್ರೇಲಿಯಾದ ಆಟಗಾರರ ತಂಡವೊಂದನ್ನು ಕಟ್ಟಿಕೊಂಡು ಐರ್ಲೆಂಡಿಗೆ ಹೊರಟರು. ನಾಯಕ ರಾನ್ ಬರಾಸಿ, ಆ ನಾಡಿನ ಅತಿ ದೊಡ್ಡ ಹೆಸರುಗಳಲ್ಲೊಂದು. ಗಲಾ ಎಂಬುದು ಅಲ್ಲಿನ ಒಂದು ಗುಲಾಬಿ ಬಣ್ಣದ ಕಾಕಟೂ ಹಕ್ಕಿ. ಈ ತಂಡಕ್ಕೆ ಗಲಾಸ್ ಎಂದೇ ಹೆಸರು ಬಿತ್ತು. ಮೀಥ್ ಕೌಂಟಿ ಆಗಷ್ಟೇ ಆಲ್-ಐರ್ಲೆಂಡ್ ಚಾಂಪಿಯನ್ ಆಗಿತ್ತು. ಅದನ್ನು ಕ್ರೋಕ್ ಪಾರ್ಕಿನಲ್ಲೇ, ಅದರದೇ ದುಂಡು ಚೆಂಡಿನಿಂದಲೇ ಈ ಅತಿಥಿಗಳು ಸೋಲಿಸಿಬಿಟ್ಟರು. ಮರುವರ್ಷ ಮೀಥ್ ತಂಡ ಆಸ್ಟ್ರೇಲಿಯಾಕ್ಕೆ ಹೋಗಿ ಐದಕ್ಕೆ ಐದು ಪಂದ್ಯ ಗೆದ್ದು ಬಡ್ಡಿ ಸಮೇತ ಬಾಕಿ ತೀರಿಸಿತು.

ಆದರೆ ಇವೆಲ್ಲ ಕೌಂಟಿ ತಂಡ ಮತ್ತು ಪ್ರವಾಸಿ ತಂಡದ ನಡುವಿನ ಪಂದ್ಯಗಳು. ದೇಶದ ಹೆಸರಿನಲ್ಲಿ, ಒಪ್ಪಿದ ನಿಯಮಗಳಡಿ ಮೊದಲ ಸರಣಿ ನಡೆದದ್ದು 1984ರಲ್ಲಿ. ಅದು ಜಿಎಎಗೆ ನೂರು ತುಂಬಿದ ವರ್ಷ. ಮೂರು ಟೆಸ್ಟುಗಳೂ ಐರ್ಲೆಂಡಿನಲ್ಲೇ. ಆಸ್ಟ್ರೇಲಿಯಾ ಎರಡು ಗೆದ್ದಿತು, ಐರ್ಲೆಂಡ್ ಒಂದು. ಸರಣಿ ಸೋತರೂ ಹಸಿರು ಜೆರ್ಸಿಯ ಐರ್ಲೆಂಡ್ ತಂಡವೊಂದು ಹುಟ್ಟಿತ್ತು. ಕೆರಿಯವನೂ ಡಬ್ಲಿನ್ನಿನವನೂ, ಗಡಿಯಾಚೆಯ ಡೌನ್ ಕೌಂಟಿಯವನೂ ಗಡಿಯೀಚೆಯ ಕಾರ್ಕ್ ಕೌಂಟಿಯವನೂ ಒಂದೇ ಜೆರ್ಸಿ ತೊಡುವ ತಂಡ ಅದು.

ಎರಡು ಆಟಗಳನ್ನು ಬೆಸೆದದ್ದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಚೆಂಡು ಐರ್ಲೆಂಡಿನದು, ದುಂಡನೆಯದು. ಮೈದಾನ ಐರ್ಲೆಂಡಿನದು, ಆಯತಾಕಾರದ್ದು. ಗೋಲಿಯೂ ಬಲೆಯೂ ಐರ್ಲೆಂಡಿನವೇ. ಆದರೆ ಟ್ಯಾಕಲ್ ಆಸ್ಟ್ರೇಲಿಯಾದ್ದು. ಚೆಂಡು ಹಿಡಿದವನನ್ನು ಭುಜದ ಕೆಳಗೆ, ತೊಡೆಯ ಮೇಲೆ ಎಲ್ಲಿ ಬೇಕಾದರೂ ಅಪ್ಪಿ ಹಿಡಿದು ನೆಲಕ್ಕೆ ಕೆಡವಬಹುದು. ಗೇಲಿಕ್ ಆಟದಲ್ಲಿ ಹೀಗೆ ಮಾಡಿದರೆ ಫೌಲ್. ಮಾರ್ಕ್ ಕೂಡ ಆಸ್ಟ್ರೇಲಿಯಾದ್ದು: ಹದಿನೈದು ಮೀಟರಿಗಿಂತ ದೂರದಿಂದ ಒದ್ದು ಬಂದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ, ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು. ಕಾಲ್ಬೆರಳಿನಿಂದ ತಟ್ಟಿಕೊಂಡು ಓಡುವ ಸೊಬಗನ್ನು ಐರ್ಲೆಂಡಿನಿಂದ ತಂದರು. ಚೆಂಡನ್ನು ನೆಲದಿಂದ ನೇರ ಕೈಯಲ್ಲೇ ಎತ್ತಿಕೊಳ್ಳುವ ಸಲಿಗೆಯನ್ನು ಆಸ್ಟ್ರೇಲಿಯಾದಿಂದ ತಂದರು.

ಅಂಕಗಳ ಲೆಕ್ಕದಲ್ಲಿ ಈ ಹೊಂದಾಣಿಕೆ ಕಣ್ಣಿಗೇ ಕಾಣುತ್ತದೆ. ನಡುವಿನ ಎರಡು ಎತ್ತರದ ಕಂಬಗಳು ಗೇಲಿಕ್ ಆಟದವು, ಅಡ್ಡಪಟ್ಟಿ ಮತ್ತು ಬಲೆಯ ಸಮೇತ. ಅವುಗಳ ಎಡಕ್ಕೊಂದು ಬಲಕ್ಕೊಂದು ಇನ್ನೆರಡು ಕಂಬ, ಇವು ಆಸ್ಟ್ರೇಲಿಯಾದವು. ಬಲೆಗೆ ಬಿದ್ದರೆ ಆರು ಅಂಕ. ಪಟ್ಟಿಯ ಮೇಲೆ, ನಡುಕಂಬಗಳ ನಡುವೆ ಹಾದರೆ ಮೂರು. ನಡುಕಂಬಕ್ಕೂ ಹೊರಕಂಬಕ್ಕೂ ಮಧ್ಯೆ ಹಾದರೆ ಒಂದು. ಆಸ್ಟ್ರೇಲಿಯಾದವರಿಗೆ ಗುರಿ ತಪ್ಪಿದರೂ ಒಂದಂಕ ಸಿಗುವ ರೂಢಿ, ಅದನ್ನು ಉಳಿಸಿಕೊಟ್ಟರು. ಐರಿಷರಿಗೆ ಪಟ್ಟಿಯ ಮೇಲೆ ಹಾರಿಸುವುದು ರಕ್ತಗತ. ಅದಕ್ಕೆ ಮೂರಂಕ ಕೊಟ್ಟರು.

ಇದರಿಂದ ಮೈದಾನದಲ್ಲಿ ಆಗುವುದು ಏನೆಂದರೆ, ಇಬ್ಬರೂ ಅರ್ಧ ಬಲ್ಲವರು, ಅರ್ಧ ಕಲಿಯುವವರು. ಆಸ್ಟ್ರೇಲಿಯಾದ ಆಟಗಾರ ದೈತ್ಯ ದೇಹದವನು, ವರ್ಷವಿಡೀ ಅದೇ ಕೆಲಸ ಮಾಡುವ ವೃತ್ತಿಪರ. ಆದರೆ ಬಾಲ್ಯದಿಂದ ಉದ್ದ ಚೆಂಡನ್ನು ಒದ್ದ ಅವನ ಕಾಲಿಗೆ ದುಂಡು ಚೆಂಡು ಬೇಗ ಒಗ್ಗುವುದಿಲ್ಲ. ಒದ್ದದ್ದು ಕಂಬದಾಚೆ ಹೊರಳಿ ಒಂದಂಕಕ್ಕೇ ತೃಪ್ತಿಪಡಬೇಕಾಗುತ್ತದೆ. ಐರಿಷ್ ಆಟಗಾರನ ಕಾಲಿಗೆ ಆ ಚೆಂಡು ಹೇಳಿದಂತೆ ಕೇಳುತ್ತದೆ. ಆದರೆ ಹಿಂದಿನಿಂದ ಬಂದು ಸೊಂಟ ಹಿಡಿದು ಕೆಡವುವವನನ್ನು ಅವನು ತನ್ನ ಆಟದಲ್ಲಿ ಕಂಡೇ ಇಲ್ಲ. ಹೀಗೆ ಒಬ್ಬರ ಕೊರತೆ ಇನ್ನೊಬ್ಬರ ಬಲದೊಂದಿಗೆ ಸರಿತೂಗಿ ಪಂದ್ಯ ರಂಗೇರುತ್ತದೆ. 1984ರಿಂದ 2017ರವರೆಗೆ ಇಪ್ಪತ್ತು ಸರಣಿಗಳು ನಡೆದಿವೆ. ಐರ್ಲೆಂಡ್ ಗೆದ್ದದ್ದು ಹತ್ತು, ಆಸ್ಟ್ರೇಲಿಯಾ ಗೆದ್ದದ್ದು ಹತ್ತು. ಒಂದು ಕಡೆ ವೃತ್ತಿಪರರು, ಇನ್ನೊಂದು ಕಡೆ ಹವ್ಯಾಸಿಗಳು. ಆದರೂ ಲೆಕ್ಕ ಸಮ. ಈ ಆಟದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ನಂಟಿನಿಂದ ಮನುಷ್ಯರ ಬದುಕೇ ತಿರುಗಿದ ಉದಾಹರಣೆಗಳಿವೆ. ರಾನ್ ಬರಾಸಿ 1980ರ ದಶಕದಲ್ಲಿ ಮೆಲ್ಬರ್ನ್ ಕ್ಲಬ್ಬಿನ ಕೋಚ್ ಆಗಿದ್ದಾಗ, ಐರಿಷ್ ಹುಡುಗರನ್ನು ಕರೆತಂದು ತಮ್ಮ ಆಟ ಕಲಿಸುವ ಪ್ರಯೋಗಕ್ಕೆ ಕೈಹಾಕಿದರು. ಕ್ಲಬ್ಬಿನ ಜಾಹೀರಾತು ನೋಡಿ ಬಂದವರಲ್ಲಿ ಡಬ್ಲಿನ್ನಿನ ಜಿಮ್ ಸ್ಟೈನ್ಸ್ ಒಬ್ಬ. ಇನ್ನೂ ಹದಿನೆಂಟರ ಹುಡುಗ. ಉದ್ದ ಚೆಂಡನ್ನು ಹಿಡಿಯುವುದನ್ನು ಮೊದಲಿಂದ ಕಲಿತ.

1987ರಲ್ಲಿ ಮೆಲ್ಬರ್ನ್ ತಂಡ ಅಲ್ಲಿನ ಲೀಗಿನ ಫೈನಲಿನ ಬಾಗಿಲಿಗೆ ಬಂದು ನಿಂತಿತ್ತು. 1964ರ ನಂತರ ಆ ಕ್ಲಬ್ಬು ಫೈನಲ್ ಕಂಡಿರಲಿಲ್ಲ. ಹಾಥಾರ್ನ್ ವಿರುದ್ಧದ ಪಂದ್ಯದ ಕೊನೆಯ ಕ್ಷಣಗಳು, ಮೆಲ್ಬರ್ನ್ ಮುಂದಿದೆ. ಹಾಥಾರ್ನಿನ ಗ್ಯಾರಿ ಬಕೆನಾರಾ ಫ್ರೀ ಕಿಕ್ಕಿಗೆ ನಿಂತಿದ್ದಾನೆ, ಗೋಲು ದೂರವಿದೆ. ಆ ಹೊತ್ತಿನಲ್ಲಿ ಎದುರಾಳಿಯನ್ನು ಬೆನ್ನಟ್ಟುವ ಅವಸರದಲ್ಲಿ ಸ್ಟೈನ್ಸ್, ದಾಟಬಾರದ ಜಾಗವನ್ನು ದಾಟಿ ಓಡಿಬಿಟ್ಟ. ಗೇಲಿಕ್ ಆಟದಲ್ಲಿ ಅಂಥದೊಂದು ನಿಯಮವಿಲ್ಲ. ಅಂಪೈರ್ ಬಕೆನಾರಾನನ್ನು ಹದಿನೈದು ಮೀಟರ್ ಮುಂದಕ್ಕೆ ಬಿಟ್ಟ. ಸೈರನ್ ಕೂಗಿದ ಮೇಲೆ ಬಕೆನಾರಾ ಒದ್ದ ಚೆಂಡು ಗೋಲಾಯಿತು. ಎರಡೇ ಪಾಯಿಂಟಿನಲ್ಲಿ ಫೈನಲ್ ಕೈತಪ್ಪಿತು.

ಅಷ್ಟು ಜನರ ಕನಸು ತನ್ನ ಕಾಲಿನಿಂದಾಗಿ ಮುರಿಯಿತು ಎಂದುಕೊಂಡ ಇಪ್ಪತ್ತೊಂದರ ಹುಡುಗ ಊರಿಗೆ ಹಿಂತಿರುಗಿ ಅಲ್ಲೇ ಉಳಿದುಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಸ್ಟೈನ್ಸ್ ಮೆಲ್ಬರ್ನಿಗೆ ಮರಳಿ ಹೋದ. ಒಂದೂ ಪಂದ್ಯ ತಪ್ಪಿಸದೆ ಸತತ 244 ಪಂದ್ಯ ಆಡಿ ದಾಖಲೆ ಬರೆದ. 1991ರಲ್ಲಿ ಆ ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಅವನ ಕೊರಳಿಗೆ ಬಿತ್ತು. ಇಂಟರ್‌ನ್ಯಾಷನಲ್ ರೂಲ್ಸಿನಲ್ಲಿ ಐರ್ಲೆಂಡಿಗೂ ಆಡಿದ, ಆಸ್ಟ್ರೇಲಿಯಾಕ್ಕೂ ಆಡಿದ. ಮುಂದೆ ದಾರಿ ಕಾಣದ ಹದಿಹರೆಯದವರಿಗಾಗಿ ರೀಚ್ ಎಂಬ ಸಂಸ್ಥೆ ಕಟ್ಟಿದ. ಸಾಲದಲ್ಲಿ ಮುಳುಗಿದ್ದ ಮೆಲ್ಬರ್ನ್ ಕ್ಲಬ್ಬಿನ ಅಧ್ಯಕ್ಷನಾಗಿ ಅದನ್ನು ದಡ ಮುಟ್ಟಿಸಿದ. 2012ರ ಮಾರ್ಚಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಮೆಲ್ಬರ್ನಿನಲ್ಲಿ ಸಕಲ ಸರ್ಕಾರಿ ಗೌರವಗಳೊಂದಿಗೆ ಅವನನ್ನು ಬೀಳ್ಕೊಟ್ಟರು. ಸರಣಿಯಲ್ಲಿ ಆಸ್ಟ್ರೇಲಿಯಾದ ಅತ್ಯುತ್ತಮ ಆಟಗಾರನಿಗೆ ಕೊಡುವ ಪದಕಕ್ಕೆ ಈ ಡಬ್ಲಿನ್ನಿನ ಹುಡುಗನದೇ ಹೆಸರು.

ಸರಣಿಯ ಕಪ್ಪಿಗೆ ಇನ್ನೊಬ್ಬನ ಹೆಸರಿದೆ: ಕಾರ್ಮಕ್ ಮೆಕಾನಲನ್. ಉತ್ತರದ ಟಿರೋನ್ ಕೌಂಟಿಯವನು, ಶಾಲಾ ಶಿಕ್ಷಕ. 2003ರಲ್ಲಿ ಟಿರೋನ್ ಮೊದಲ ಬಾರಿಗೆ ಆಲ್-ಐರ್ಲೆಂಡ್ ಗೆದ್ದಾಗ ಆ ತಂಡದಲ್ಲಿದ್ದ. ಐರ್ಲೆಂಡಿನ ಹಸಿರು ಜೆರ್ಸಿ ತೊಟ್ಟು ಆಸ್ಟ್ರೇಲಿಯಾದ ಎದುರೂ ಆಡಿದ್ದ. 2004ರಲ್ಲಿ ಟಿರೋನಿನ ನಾಯಕನಾದ. ಅದೇ ವರ್ಷ ಮಾರ್ಚ್ 2ರಂದು, ಯಾರಿಗೂ ಗೊತ್ತಿಲ್ಲದ ಹೃದಯದ ತೊಂದರೆಯಿಂದ ನಿದ್ದೆಯಲ್ಲೇ ತೀರಿಕೊಂಡ. ವಯಸ್ಸು ಇಪ್ಪತ್ತನಾಲ್ಕು. ಆ ಶರತ್ಕಾಲದ ಸರಣಿಯಿಂದ ಕಪ್ಪಿಗೆ ಅವನ ಹೆಸರಿಟ್ಟರು. ಮೊದಲ ಬಾರಿಗೆ ಅದನ್ನು ಗೆದ್ದದ್ದು ಐರ್ಲೆಂಡೇ, ಎರಡು ಟೆಸ್ಟ್ ಸೇರಿ 132ಕ್ಕೆ 82 ಅಂಕ. ಮನೆಯವರು ಅವನ ಹೆಸರಿನಲ್ಲಿ ಟ್ರಸ್ಟ್ ಕಟ್ಟಿದರು. ಆಟದ ಮೈದಾನಗಳಲ್ಲಿ ಹೃದಯ ನಿಂತಾಗ ಬಡಿತ ಮರಳಿಸುವ ಯಂತ್ರಗಳು ಇರಬೇಕು, ಎಳೆಯ ಆಟಗಾರರ ಹೃದಯ ತಪಾಸಣೆ ಆಗಬೇಕು ಎಂದು ದುಡಿದರು.

ಎಲ್ಲವೂ ಒಳ್ಳೆಯದೇ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಟ್ಯಾಕಲ್ ಹೊಡೆದಾಟಕ್ಕೆ ತಿರುಗಿದ ದಿನಗಳಿವೆ. 2006ರಲ್ಲಿ ಕ್ರೋಕ್ ಪಾರ್ಕಿನ ಎರಡನೇ ಟೆಸ್ಟಿಗೆ 82,127 ಜನ ಬಂದಿದ್ದರು. ಮೊದಲ ಕಾಲು ಭಾಗದಲ್ಲೇ ಐರ್ಲೆಂಡಿನ ಗ್ರಹಾಂ ಗೆರಾಟಿ ಟ್ಯಾಕಲ್ಲಿನಲ್ಲಿ ನೆಲಕ್ಕೆ ಬಡಿದು ಪ್ರಜ್ಞೆ ತಪ್ಪಿದ, ಆಸ್ಪತ್ರೆಗೆ ಒಯ್ಯಬೇಕಾಯಿತು. ಐರ್ಲೆಂಡಿನ ಮ್ಯಾನೇಜರ್ ಶಾನ್ ಬಾಯ್ಲನ್ ಗಿಡಮೂಲಿಕೆಗಳಿಂದ ಜನರ ಕಾಯಿಲೆಗೆ ಮದ್ದು ಕೊಡುವ ಮನುಷ್ಯ. ಈ ಹುಡುಗರನ್ನು ಮತ್ತೆ ಮೈದಾನಕ್ಕೆ ಕಳಿಸುವುದು ಸರಿಯೇ ಎಂದು ಅವರೇ ಹೊಯ್ದಾಡಿದರು. ಅವರ ಸಂಕಟ ನ್ಯಾಯವಾದದ್ದು. ಆಸ್ಟ್ರೇಲಿಯಾದ ಆಟಗಾರನಿಗೆ ಗಾಯವಾದರೆ ಕ್ಲಬ್ಬು ನೋಡಿಕೊಳ್ಳುತ್ತದೆ. ಐರಿಷ್ ಆಟಗಾರ ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಬೇಕು. 2007ರ ಸರಣಿ ನಡೆಯಲಿಲ್ಲ. ಶಿಸ್ತಿನ ನಿಯಮಗಳನ್ನು ಬಿಗಿ ಮಾಡಿ 2008ರಲ್ಲಿ ಮತ್ತೆ ಆರಂಭಿಸಿದರು.

ಇನ್ನೊಂದು ದೂರು, ಆಸ್ಟ್ರೇಲಿಯಾದ ಕ್ಲಬ್ಬುಗಳು ಐರ್ಲೆಂಡಿನ ಒಳ್ಳೊಳ್ಳೆಯ ಹುಡುಗರನ್ನು ಸಂಬಳದ ಆಸೆ ತೋರಿಸಿ ಕರೆದೊಯ್ಯುತ್ತವೆ ಎಂಬುದು. ಇದರಲ್ಲೂ ನಿಜವಿದೆ. ಆದರೆ ಹೋದವರೆಲ್ಲ ಕಳೆದುಹೋದವರಲ್ಲ. ಕೆರಿಯ ಟೈಗ್ ಕೆನೆಲಿ 2005ರಲ್ಲಿ ಸಿಡ್ನಿ ಸ್ವಾನ್ಸ್ ತಂಡದೊಂದಿಗೆ ಆಸ್ಟ್ರೇಲಿಯಾದ ಚಾಂಪಿಯನ್ ಆದ. ಆಮೇಲೆ ಊರಿಗೆ ಮರಳಿ 2009ರಲ್ಲಿ ಕೆರಿಗಾಗಿ ಆಲ್-ಐರ್ಲೆಂಡ್ ಗೆದ್ದ. ಎರಡನ್ನೂ ಗೆದ್ದವರಲ್ಲಿ ಮೊದಲಿಗ ಅವನು. ಲೀಶ್ ಕೌಂಟಿಯ ಜ್ಯಾಕ್ ಟೂಹಿ 2023ರಲ್ಲಿ ಸ್ಟೈನ್ಸನ ಒಟ್ಟು 264 ಪಂದ್ಯಗಳ ಲೆಕ್ಕವನ್ನು ದಾಟಿದ. ಈಗ ಐರಿಷ್ ಹೆಣ್ಣುಮಕ್ಕಳೂ ಅಲ್ಲಿನ ಮಹಿಳಾ ಲೀಗಿನಲ್ಲಿ ಹೆಸರು ಮಾಡಿದ್ದಾರೆ. ಮೇಯೋ ಕೌಂಟಿಯ ಕೋರಾ ಸ್ಟಾಂಟನ್ ದಾರಿ ತೋರಿಸಿದಳು. ಕ್ಲೇರ್ ಕೌಂಟಿಯ ಎಯ್ಲಿಶ್ ಕಾನ್ಸಿಡೈನ್ 2019ರಲ್ಲಿ ಅಡಿಲೇಡ್ ತಂಡದೊಂದಿಗೆ ಪ್ರಶಸ್ತಿ ಗೆದ್ದಳು. ಆದರೆ ಹೆಣ್ಣುಮಕ್ಕಳಿಗೆ ಇಂಟರ್‌ನ್ಯಾಷನಲ್ ರೂಲ್ಸ್ ಸರಣಿ ಸಿಕ್ಕಿದ್ದು 2006ರಲ್ಲಿ ಒಂದೇ ಸಲ. ಅದನ್ನು ಐರ್ಲೆಂಡಿನ ಮಹಿಳೆಯರು ಗೆದ್ದಿದ್ದರು.

ಗಂಡಸರ ಸರಣಿ ಕೊನೆಯದಾಗಿ ನಡೆದದ್ದು 2017ರಲ್ಲಿ, ಅಡಿಲೇಡ್ ಮತ್ತು ಪರ್ತ್ ನಗರಗಳಲ್ಲಿ. ಆಸ್ಟ್ರೇಲಿಯಾ 116, ಐರ್ಲೆಂಡ್ 103. 2020ಕ್ಕೆ ನಿಗದಿಯಾಗಿದ್ದ ಸರಣಿಯನ್ನು ಕೋವಿಡ್ ನುಂಗಿತು. ಆಮೇಲೆ ವರ್ಷಗಳು ಬರಿದೇ ಉರುಳಿದವು. ತವರಿನಲ್ಲಿ ಯಾರೂ ಆಡದ ಬೆರಕೆ ಆಟ, ಹೋದರೆ ಹೋಗಲಿ ಎಂದು ಮೂಗು ಮುರಿಯುವವರು ಎರಡೂ ದೇಶಗಳಲ್ಲಿದ್ದಾರೆ.

ಅವರ ಮಾತನ್ನು ನಾನು ಒಪ್ಪುವುದಿಲ್ಲ. ಈ ಆಟ ಬೆರಕೆಯದು ಎಂಬುದೇ ಅದರ ಹಿರಿಮೆ. ತಮ್ಮ ಆಟವೇ ಶ್ರೇಷ್ಠ, ಬೇಕಿದ್ದರೆ ನಮ್ಮ ನಿಯಮಕ್ಕೆ ಬನ್ನಿ ಎಂದು ಇಬ್ಬರೂ ಹಟ ಹಿಡಿದಿದ್ದರೆ ಒಂದು ಪಂದ್ಯವೂ ನಡೆಯುತ್ತಿರಲಿಲ್ಲ. ಪರರ ಆಟದ ನೆರಳೂ ತಾಗಬಾರದೆಂದು ಹುಟ್ಟಿದ ಜಿಎಎ, 1971ರವರೆಗೂ ತನ್ನ ಸದಸ್ಯರು ಇಂಗ್ಲಿಷರ ಆಟ ಆಡುವುದನ್ನು ನಿಷೇಧಿಸಿದ್ದ ಜಿಎಎ, ಹದಿಮೂರೇ ವರ್ಷಗಳಲ್ಲಿ ಪರದೇಶದ ಆಟದ ಅರ್ಧ ನಿಯಮಗಳನ್ನು ತನ್ನ ಪವಿತ್ರ ಮೈದಾನಕ್ಕೆ ಬರಮಾಡಿಕೊಂಡಿತು. ಶ್ರೀಮಂತವೂ ಬಲಾಢ್ಯವೂ ಆದ ಆಸ್ಟ್ರೇಲಿಯಾದ ಆಟ ತನ್ನ ಉದ್ದ ಚೆಂಡನ್ನೇ ಮನೆಯಲ್ಲಿ ಬಿಟ್ಟು ಬಂದಿತು. ತನ್ನತನವನ್ನು ಗಟ್ಟಿಯಾಗಿ ಹಿಡಿದವರೇ ಇಷ್ಟು ಧಾರಾಳವಾಗಿ ಬಿಟ್ಟುಕೊಡಬಲ್ಲರು.

ಸರಣಿ ಬಾಳಬೇಕಾದರೆ ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಎರಡೂ ಸಂಸ್ಥೆಗಳು ಮೊದಲೇ ದಿನಾಂಕ ಗೊತ್ತುಮಾಡಿ ಅದಕ್ಕೆ ಕಟ್ಟುಬೀಳಬೇಕು. ದೇಶದ ಅತ್ಯುತ್ತಮರನ್ನೇ ಕಳಿಸಬೇಕು. ಕೈ ಮಾಡಿದವನನ್ನು ಮುಲಾಜಿಲ್ಲದೆ ಹೊರಗಟ್ಟಬೇಕು. ಹೆಣ್ಣುಮಕ್ಕಳಿಗೂ ಅದೇ ವಾರ, ಅದೇ ಮೈದಾನದಲ್ಲಿ ಪಂದ್ಯ ಇಡಬೇಕು. ಇಷ್ಟಾದರೆ ಜನ ಬರುತ್ತಾರೆ. ಬರುತ್ತಾರೆಂಬುದನ್ನು 2006ರ ಆ 82 ಸಾವಿರ ತೋರಿಸಿದೆ.

ಕೇಳುಗರೆ, ಒಂದು ನಾಡಿನ ತಂಡವಾಗಲು ಹನ್ನೊಂದೋ ಹದಿನೈದೋ ಆಟಗಾರರು ಸಾಲದು. ಎದುರಿಗೆ ಇನ್ನೊಂದು ನಾಡು ಬಂದು ನಿಲ್ಲಬೇಕು. ಐರ್ಲೆಂಡಿನ ಹವ್ಯಾಸಿ ಆಟಗಾರನಿಗೆ ಆ ಗೌರವವನ್ನು ಆಸ್ಟ್ರೇಲಿಯಾ ಕೊಟ್ಟಿತು. ಆಸ್ಟ್ರೇಲಿಯಾದ ಆಟಗಾರನಿಗೆ ಐರ್ಲೆಂಡ್ ಕೊಟ್ಟಿತು. ಹತ್ತು ಹತ್ತರಲ್ಲಿ ನಿಂತಿರುವ ಆ ಲೆಕ್ಕಕ್ಕೆ ಇಪ್ಪತ್ತೊಂದನೆಯ ಸರಣಿ ಸೇರಲೇಬೇಕು. ಅದಕ್ಕಾಗಿ ಎರಡೂ ಸಂಸ್ಥೆಗಳು ಮತ್ತೆ ಎದುರುಬದುರು ಕುಳಿತು ಮಾತಾಡಲಿ ಎಂದು ಮನಸಾರೆ ಹಾರೈಸುತ್ತೇನೆ.